ನೆಲದಿಂದ ಎರಡಡಿ

ಮಳೆಗಾಲದಲ್ಲಿ ಪುಣೆ ಬಳಿಯ ಹಿಂಜವಾಡಿಯಿಂದ ಮುಳಶಿಯ ಕಡೆಗೆ ಒಂದು ಸುತ್ತು ಹೋಗಿಬಂದ ಕಾರನ್ನು ನೋಡಿ. ಗಾಜು, ಬಾನೆಟ್ಟು, ಮೇಲ್ಛಾವಣಿಯನ್ನು ಮಳೆಯೇ ತೊಳೆದಿರುತ್ತದೆ. ಬಾಗಿಲಿನ ಹಿಡಿಯಿಂದ ಒಂದು ಗೇಣು ಕೆಳಗಿಳಿದರೆ ಬೇರೆಯದೇ ಕಥೆ. ಕರಿಮಣ್ಣಿನ ರಾಡಿ, ಟಾರಿನ ಚುಕ್ಕೆಗಳು, ಬ್ರೇಕಿನಿಂದ ಉದುರಿ ಬಣ್ಣಕ್ಕೆ ಕಚ್ಚಿಕೊಂಡು ತುಕ್ಕು ಹಿಡಿದ ಕಬ್ಬಿಣದ ಹುಡಿ. ಮೆಟ್ರೊ ಕಂಬಗಳು ಏಳುತ್ತಿದ್ದ ವರ್ಷಗಳಲ್ಲಂತೂ ಇದಕ್ಕೆ ಸಿಮೆಂಟಿನ ಪದರವೂ ಸೇರಿಕೊಂಡಿತ್ತು. ಉರುಳುವ ಟೈರು ತಾನು ತುಳಿದದ್ದನ್ನೆಲ್ಲ ಹಿಂದಕ್ಕೂ ಪಕ್ಕಕ್ಕೂ ಎರಚುತ್ತದೆ. ಎರಚಿದ್ದು ಬಹುತೇಕ ಬಂದು ಕೂರುವುದು ಬಾಗಿಲಿನ ಕೆಳಭಾಗ, ಅದರಡಿಯ ಪಟ್ಟಿ, ಬಂಪರಿನ ತುಟಿ, ಚಕ್ರದ ಸುತ್ತಲಿನ ಕಮಾನುಗಳ ಮೇಲೆ. ಅಂದರೆ ನೆಲದಿಂದ ಎರಡಡಿಯ ಒಳಗೆ.

ನಿಂತ ಮನುಷ್ಯನ ಮೊಣಕೈ ಇರುವುದು ಸುಮಾರು ಮೂರೂಕಾಲು, ಮೂರೂವರೆ ಅಡಿ ಎತ್ತರದಲ್ಲಿ. ಕೈಕೆಲಸವೆಲ್ಲ ಸಲೀಸಾಗಿ ನಡೆಯುವುದು ಮೊಣಕೈಯ ಮಟ್ಟದಲ್ಲಿ ಅಥವಾ ಅದಕ್ಕಿಂತ ತುಸು ಕೆಳಗೆ. ರೊಟ್ಟಿ ಬಡಿಯುವುದಿರಲಿ, ಇಸ್ತ್ರಿ ಹಾಕುವುದಿರಲಿ, ಲೆಕ್ಕ ಅದೇ. ಕಾರಿನಲ್ಲಿ ಗಲೀಜು ಹೆಚ್ಚಿರುವ ಜಾಗಕ್ಕೂ ಕೈಗೆ ಹಿತವಾದ ಜಾಗಕ್ಕೂ ನಡುವೆ ಹೀಗೆ ಎರಡಡಿ ಅಂತರ ಬೀಳುತ್ತದೆ. ಅದನ್ನು ತುಂಬುವವರು ಯಾರು? ಬೆನ್ನು, ಇಲ್ಲವೇ ಮಂಡಿ. ಮೂರನೆಯದು ಒಂದಿದೆ, ಅದಕ್ಕೆ ಆಮೇಲೆ ಬರೋಣ.

ನನ್ನ ಭಾನುವಾರದ ಪದ್ಧತಿ ಬೆನ್ನಿನದಾಗಿತ್ತು. ವಾರವಿಡೀ ಕುರ್ಚಿಯಲ್ಲಿ ಕುಳಿತವನಿಗೆ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಬಕೆಟು, ಮೈಕ್ರೋಫೈಬರ್ ಬಟ್ಟೆ, ಪಾಲಿಶ್ ಡಬ್ಬಿ ಹಿಡಿದು ನಿಲ್ಲುವುದೇ ಒಂದು ವ್ಯಾಯಾಮ ಎಂಬ ಭ್ರಮೆ. ಅಲ್ಲೇ ದಿನವೂ ಬೆಳಗಿನ ಐದಕ್ಕೆ ಬಂದು ಇಪ್ಪತ್ತು ಕಾರು ಒರೆಸುವ ಹುಡುಗನೊಬ್ಬನಿದ್ದಾನೆ, ವಿಜಯಪುರ ಜಿಲ್ಲೆ ಇಂಡಿ ಕಡೆಯವನು. ನಾನು ಸೊಂಟ ಮುರಿದು ಬಾಗಿ ಬಾಗಿಲಿನ ತಳ ಉಜ್ಜುವುದನ್ನು ಸ್ವಲ್ಪ ಹೊತ್ತು ನೋಡಿ ಅವನು ಹೇಳಿದ್ದು ಇಷ್ಟು: "ಕುಂತ ಮಾಡ್ರಿ ಸರ. ಹಿಂಗ ಬಗ್ಗಿ ಮಾಡಿದ್ರ ಟೊಂಕ ಹೋಗ್ತೈತ್ರಿ."

ಟೊಂಕ ಯಾಕೆ ಹೋಗುತ್ತದೆ ಎಂಬುದಕ್ಕೆ ಬಾವಿಯ ಏತವನ್ನು ನೆನೆಸಿಕೊಳ್ಳಿ. ಉದ್ದದ ಮರ, ನಡುವೆ ಆನಿಕೆ, ಒಂದು ತುದಿಗೆ ನೀರಿನ ಭಾರ, ಇನ್ನೊಂದಕ್ಕೆ ಎದುರು ತೂಕ. ಬಾಗಿದ ಬೆನ್ನೂ ಏತವೇ, ಆದರೆ ಬಹಳ ಕೆಟ್ಟ ಏತ. 65 ಕೆಜಿ ತೂಕದ ಮನುಷ್ಯನ ಸೊಂಟದಿಂದ ಮೇಲಿನ ಮುಂಡ, ತಲೆ, ತೋಳು ಎಲ್ಲ ಸೇರಿ ಸುಮಾರು 36 ಕೆಜಿ ಎನ್ನೋಣ. ಅವನು ನೆಲಕ್ಕೆ ಸಮವಾಗಿ ಬಾಗಿದಾಗ ಈ ತೂಕದ ಕೇಂದ್ರ ಸೊಂಟದ ಕೀಲಿಗಿಂತ ಹತ್ತಿರ ಹತ್ತಿರ 25 ಸೆಂಟಿಮೀಟರ್ ಮುಂದಿರುತ್ತದೆ. ಅದನ್ನು ಎಳೆದು ಹಿಡಿಯುವ ಬೆನ್ನಿನ ಸ್ನಾಯುವಿಗೆ ಸಿಗುವ ಏತದ ತೋಳು ಐದೇ ಸೆಂಟಿಮೀಟರ್. ಐದು ಪಟ್ಟು ವ್ಯತ್ಯಾಸ, ಹಾಗಾಗಿ ಐದು ಪಟ್ಟು ಬಲ: 180 ಕೆಜಿ. ಕೈಯಲ್ಲಿ ಇರುವುದು ಒದ್ದೆ ಬಟ್ಟೆ ಮಾತ್ರ, ಬೆನ್ನು ಎತ್ತಿಕೊಂಡಿರುವುದು ಎರಡು ಚೀಲ ಅಕ್ಕಿಗೂ ಮಿಗಿಲಾದ ಭಾರ.

ಇದೇ ಲೆಕ್ಕದೊಳಗೆ ಒಂದು ಉಪಾಯವೂ ಅಡಗಿದೆ. ಎಡಗೈಯನ್ನು ಚಕ್ರದ ಮೇಲೋ ಸ್ಟೂಲಿನ ಮೇಲೋ ಊರಿ ಅದರ ಮೂಲಕ ಬರೀ 10 ಕೆಜಿ ಭಾರ ಇಳಿಸಿದರೂ ಸಾಕು. ಆ ಕೈ ಸೊಂಟದಿಂದ 50 ಸೆಂಟಿಮೀಟರ್ ದೂರದಲ್ಲಿರುವುದರಿಂದ ಬೆನ್ನಿನ ಹೊರೆ 180ರಿಂದ 80 ಕೆಜಿಗೆ ಇಳಿಯುತ್ತದೆ. ಕಸಬರಿಗೆ ಹಿಡಿದು ಅಂಗಳ ಗುಡಿಸುವ ಹೆಂಗಸರು ಇನ್ನೊಂದು ಕೈಯನ್ನು ಮಂಡಿಯ ಮೇಲೆ ಊರಿಕೊಳ್ಳುವುದನ್ನು ಕಂಡಿದ್ದೀರಲ್ಲ, ಅದೇ ಭೌತಶಾಸ್ತ್ರ. ತೊಡಕು ಏನೆಂದರೆ ಬಫಿಂಗ್ ಮಶೀನು ಎರಡೂ ಕೈ ಕೇಳುತ್ತದೆ, ಹೊಸದಾಗಿ ಸಿರಾಮಿಕ್ ಕೋಟಿಂಗ್ ಹಚ್ಚಿದ ಬಾಗಿಲು ಒಂದು ಬೆರಳನ್ನೂ ಸಹಿಸುವುದಿಲ್ಲ.

ಈ ಒತ್ತಡವನ್ನು ಕಾಗದದ ಮೇಲಲ್ಲದೆ ಮೈಯೊಳಗೇ ಅಳೆದವರಿದ್ದಾರೆ. ಸ್ವೀಡನ್ನಿನ ಆಲ್ಫ್ ನಾಕೆಮ್ಸನ್ 1960ರ ದಶಕದಲ್ಲಿ ಸೊಂಟದ ಕಶೇರುಗಳ ನಡುವಿನ ಡಿಸ್ಕಿಗೆ ಸೂಜಿ ಹೊಗಿಸಿ ಒಳಗಿನ ಒತ್ತಡ ಅಳೆದರು. 1999ರಲ್ಲಿ ಜರ್ಮನಿಯ ಉಲ್ಮ್‌ನ ಹಾನ್ಸ್ ಯೋಆಖಿಮ್ ವಿಲ್ಕೆ ಮತ್ತು ಸಂಗಡಿಗರು ಅದನ್ನೇ ಹೊಸ ಉಪಕರಣದಿಂದ ಮಾಡಿದರು. ಪ್ರಯೋಗಕ್ಕೆ ಒಳಗಾದವರು ಒಬ್ಬರೇ, 45 ವರ್ಷದ, 70 ಕೆಜಿ ತೂಕದ ಮೂಳೆ ಶಸ್ತ್ರವೈದ್ಯರು. ಒಬ್ಬರ ಬೆನ್ನಿನಿಂದ ಮನುಕುಲದ ಬೆನ್ನಿಗೆ ತೀರ್ಪು ಬರೆಯಲಾಗದು, ಆದರೂ ಅಂಕಿಗಳು ಕುತೂಹಲ ಹುಟ್ಟಿಸುತ್ತವೆ. ಅಂಗಾತ ಮಲಗಿದಾಗ 0.1 ಮೆಗಾಪಾಸ್ಕಲ್. ನೆಟ್ಟಗೆ ನಿಂತಾಗ 0.5. ಸುಮ್ಮನೆ ಕುಳಿತಾಗ 0.46. ಕುಳಿತು ಪೂರ್ತಿ ಮುಂದೆ ಬಾಗಿದಾಗ 0.83. ನಿಂತು ಮುಂದೆ ಬಾಗಿದಾಗ 1.1. ಕುಳಿತರೆ ನಿಂತದ್ದಕ್ಕಿಂತ ಹೆಚ್ಚು ಒತ್ತಡ ಎಂದು ನಾಕೆಮ್ಸನ್ ಹೇಳಿದ್ದರು, ವಿಲ್ಕೆಯವರಿಗೆ ಹಾಗೆ ಕಾಣಲಿಲ್ಲ, ಆ ಜಗಳ ಇರಲಿ. ನಿಂತು ಬಾಗುವುದು ಕುಳಿತು ಬಾಗುವುದಕ್ಕಿಂತ ದುಬಾರಿ ಎಂಬುದು ನಮ್ಮ ಕೆಲಸಕ್ಕೆ ಬರುವ ಸಂಗತಿ. ಇಂಡಿಯ ಹುಡುಗನ ಕೈಯಲ್ಲಿ ಸೂಜಿ ಇರಲಿಲ್ಲ, ಮಾತು ಮಾತ್ರ ಸರಿಯಿತ್ತು.

ಆದರೆ ಬಾಗಿ ನಿಂತವನಿಗೆ ನೋವು ಆಗಲೇ ಗೊತ್ತಾಗುವುದಿಲ್ಲವಲ್ಲ, ಯಾಕೆ? ಇಲ್ಲಿ ದೇಹ ಒಂದು ಸಣ್ಣ ಮೋಸ ಮಾಡುತ್ತದೆ. 1950ರ ದಶಕದಲ್ಲಿ ಇಂಗ್ಲೆಂಡಿನ ಫ್ಲಾಯ್ಡ್ ಮತ್ತು ಸಿಲ್ವರ್ ಬೆನ್ನಿನ ಸ್ನಾಯುಗಳ ವಿದ್ಯುತ್ ಸಂಕೇತ ದಾಖಲಿಸುತ್ತಿದ್ದರು. ಮನುಷ್ಯ ಬಾಗುತ್ತಾ ಹೋದಂತೆ ಸ್ನಾಯುವಿನ ಸದ್ದು ಏರುತ್ತದೆ, ಪೂರ್ತಿ ಬಾಗಿ ನೇತುಬಿದ್ದಾಗ ಥಟ್ಟನೆ ನಿಲ್ಲುತ್ತದೆ. ಸ್ನಾಯು ಕೆಲಸ ಬಿಟ್ಟು ಭಾರವನ್ನು ಹಿಂದಿನ ಅಸ್ಥಿಬಂಧಗಳ ಹೆಗಲಿಗೆ ದಾಟಿಸಿಬಿಟ್ಟಿರುತ್ತದೆ. ಉರಿ ಇಲ್ಲ, ದಣಿವಿಲ್ಲ, ಆರಾಮ ಅನ್ನಿಸುತ್ತದೆ. ಅಸ್ಥಿಬಂಧಗಳಾದರೋ ಹಳೆಯ ಚಡ್ಡಿಯ ಇಲಾಸ್ಟಿಕ್ಕಿನಂತೆ ಮೆಲ್ಲಮೆಲ್ಲನೆ ಹಿಗ್ಗುತ್ತಿರುತ್ತವೆ. ಕೆನಡಾದ ಸ್ಟುವರ್ಟ್ ಮೆಗಿಲ್ ಮತ್ತು ಬ್ರೌನ್ 1992ರಲ್ಲಿ ಜನರನ್ನು 20 ನಿಮಿಷ ಪೂರ್ತಿ ಬಾಗಿಸಿ ಕೂರಿಸಿ ನೋಡಿದರು. ಎದ್ದ ಎರಡು ನಿಮಿಷದಲ್ಲಿ ಅರ್ಧ ಸಡಿಲಿಕೆ ಸರಿಹೋಯಿತು, ಉಳಿದದ್ದರ ಗುರುತು ಅರ್ಧ ಗಂಟೆಯಾದರೂ ಇತ್ತು. ಬಂಪರು ಉಜ್ಜಿ ಎದ್ದವನು ಆ ಕ್ಷಣದಲ್ಲೇ ತುಂಬಿದ ಬಕೆಟು ಎತ್ತಬಾರದು. ನಾನು ಎತ್ತಿದ್ದೇನೆ, ಮೂರು ದಿನ ಎಡಮಗ್ಗುಲಲ್ಲಿ ಮಲಗಿದ್ದೇನೆ.

ಸರಿ, ಕೂರೋಣ. ಹೇಗೆ?

ಆ ಹುಡುಗ ಕೂರುವುದು ಕುಕ್ಕರಗಾಲಲ್ಲಿ. ಹಿಮ್ಮಡಿ ಎರಡೂ ನೆಲಕ್ಕೆ, ಪೃಷ್ಠ ಹಿಮ್ಮಡಿಯ ಹತ್ತಿರಕ್ಕೆ, ಮಂಡಿಗಳು ಕಂಕುಳಿನ ಪಕ್ಕಕ್ಕೆ. ಹಾಗೇ ಕಪ್ಪೆಯಂತೆ ಪಕ್ಕಕ್ಕೆ ಸರಿಯುತ್ತಾ ಒಂದು ಬದಿಯ ಬಾಗಿಲುಗಳನ್ನೆಲ್ಲ ಮುಗಿಸುತ್ತಾನೆ. ನಾನು ಹಾಗೆ ಕೂರಲು ಹೋದರೆ ಹಿಮ್ಮಡಿ ಮೇಲೇಳುತ್ತದೆ, ಇಲ್ಲವೇ ನಾನು ಹಿಂದಕ್ಕೆ ಉರುಳುತ್ತೇನೆ. ಮಾನವಶಾಸ್ತ್ರಜ್ಞ ಗಾರ್ಡನ್ ಹೀವ್ಸ್ 1950ರ ದಶಕದಲ್ಲಿ ಲೋಕದ ಜನ ಕೂರುವ, ನಿಲ್ಲುವ ಬಗೆಗಳ ನಕ್ಷೆಯನ್ನೇ ಬರೆದರು. ಮನುಷ್ಯನಿಗೆ ಸಾಧ್ಯವಿರುವ ಸುಸ್ಥಿರ ಭಂಗಿಗಳು ಸಾವಿರದಷ್ಟಿವೆ, ಮನುಕುಲದ ಕಾಲು ಭಾಗವಾದರೂ ದಣಿವಾರಿಸಿಕೊಳ್ಳುವುದು ಕುಕ್ಕರಗಾಲಲ್ಲೇ ಎಂಬುದು ಅವರ ಅಂದಾಜು. ಅದಕ್ಕೂ ಅರವತ್ತು ವರ್ಷ ಮೊದಲು, 1890ರ ದಶಕದಲ್ಲಿ, ಲಾಹೋರಿನ ವೈದ್ಯಕೀಯ ಕಾಲೇಜಿನಲ್ಲಿ ಅಂಗರಚನೆ ಕಲಿಸುತ್ತಿದ್ದ ಹ್ಯಾವ್‌ಲಾಕ್ ಚಾರ್ಲ್ಸ್ ಪಂಜಾಬಿಗಳ ಕಾಲಿನ ಮೂಳೆಗಳಲ್ಲಿ ಒಂದು ವಿಶೇಷ ಕಂಡಿದ್ದರು. ಮೊಣಕಾಲಿನ ಕೆಳಗಿನ ದಪ್ಪ ಮೂಳೆಯ ಬುಡದಲ್ಲಿ, ಪಾದದ ಕೀಲಿನ ಮುಂದೆ, ಯುರೋಪಿಯನ್ನರ ಮೂಳೆಗಳಲ್ಲಿ ಅಪರೂಪವಾಗಿದ್ದ ನುಣುಪಾದ ಪುಟ್ಟ ಗುರುತುಗಳು. ಕುಕ್ಕರಗಾಲಲ್ಲಿ ಕುಳಿತಾಗ ಎರಡು ಮೂಳೆಗಳು ಒಂದನ್ನೊಂದು ಒತ್ತುವ ಜಾಗ ಅದು. ಪ್ರಾಚೀನ ಅಸ್ಥಿಪಂಜರ ಸಿಕ್ಕರೆ ಆ ಮನುಷ್ಯ ಹೇಗೆ ಕೂರುತ್ತಿದ್ದ ಎಂದು ತಿಳಿಯಲು ಪುರಾತತ್ತ್ವದವರು ಇಂದಿಗೂ ಹುಡುಕುವುದು ಇದನ್ನೇ.

ಈಚೆಗೆ ಕುಕ್ಕರಗಾಲಿಗೆ ಮರ್ಯಾದೆ ಬಂದಿದೆ. 2020ರಲ್ಲಿ ಡೇವಿಡ್ ರೈಕ್ಲೆನ್ ಮತ್ತು ಸಂಗಡಿಗರು ಟಾಂಜಾನಿಯಾದ ಹಡ್ಜಾ ಬೇಟೆಗಾರರನ್ನು ಗಮನಿಸಿ ಬರೆದರು. ಅವರೂ ನಮ್ಮ ಹಾಗೆ ದಿನಕ್ಕೆ ಹತ್ತಿರ ಹತ್ತಿರ ಹತ್ತು ಗಂಟೆ ಕದಲದೆ ಇರುತ್ತಾರೆ. ಆದರೆ ಆ ಹೊತ್ತಿನಲ್ಲಿ ಸಾಕಷ್ಟನ್ನು ಕುಕ್ಕರಗಾಲಲ್ಲಿ ಅಥವಾ ಮಂಡಿಯೂರಿ ಕಳೆಯುವುದರಿಂದ ಅವರ ಕಾಲಿನ ಸ್ನಾಯುಗಳು ಕುರ್ಚಿಯಲ್ಲಿ ಕೂತವರ ಸ್ನಾಯುಗಳಂತೆ ಪೂರ್ತಿ ನಿದ್ದೆ ಹೋಗಿರುವುದಿಲ್ಲ. ಇದನ್ನೋದಿದ ನಗರದವರು ಯೋಗದ ಚಾಪೆ ಹಾಸಿ ಕುಕ್ಕರಗಾಲು ಅಭ್ಯಾಸ ಮಾಡುತ್ತಿದ್ದಾರೆ. ಹಿಂಜವಾಡಿಯ ಜಿಮ್ಮುಗಳಲ್ಲೂ.

ಅದೇ ಭಂಗಿಯ ಬಗ್ಗೆ ಔದ್ಯೋಗಿಕ ವೈದ್ಯರನ್ನು ಕೇಳಿ, ಮುಖ ಗಂಟಿಕ್ಕುತ್ತಾರೆ. ಬೀಜಿಂಗಿನ ಹಿರಿಯರಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನ, ಯೌವನದಲ್ಲಿ ಹೆಚ್ಚು ಹೊತ್ತು ಕುಕ್ಕರಗಾಲಲ್ಲಿ ಕಳೆದವರಿಗೆ ಮಂಡಿ ಸವೆತ ಹೆಚ್ಚು ಎಂದಿತು. ಗಂಟೆಗಟ್ಟಲೆ ಹಾಗೆ ಕುಳಿತು ಹಣ್ಣು ಕೀಳುವ ಕೂಲಿಗಳಲ್ಲಿ ಮಂಡಿಯ ಹೊರಮಗ್ಗುಲಲ್ಲಿ ಹಾಯುವ ನರ ಒತ್ತಿಹೋಗಿ ಪಾದ ಜೋತುಬೀಳುವುದುಂಟು. ಸ್ಟ್ರಾಬೆರಿ ಕೀಳುವವರ ಲಕ್ವ ಎಂದು ಅದಕ್ಕೊಂದು ಹೆಸರೇ ಇದೆ. ಮಂಡಿಯೂರಿ ನೆಲ ಒರೆಸುವವರಿಗೆ ಮಂಡಿಚಿಪ್ಪಿನ ಮುಂದಿನ ನೀರಚೀಲ ಊದಿಕೊಳ್ಳುತ್ತದೆ, ಇಂಗ್ಲಿಷ್ ವೈದ್ಯರು ಅದನ್ನು ಮನೆಗೆಲಸದವಳ ಮಂಡಿ ಎಂದು ಕರೆದರು. ಕಾಯಿಲೆಗಳಿಗೆ ಹೆಸರಿಡುವಾಗಲೂ ಯಾರು ಕೆಳಗೆ ಕೂತಿದ್ದಾರೆ ಎಂಬುದು ಮರೆಯುವುದಿಲ್ಲ.

ಹಾಗಾದರೆ ಯಾರ ಮಾತು ನಿಜ? ನನಗೆ ಅನ್ನಿಸುವಂತೆ ಇಬ್ಬರದೂ. ಭಂಗಿಗೆ ಒಳ್ಳೆಯದು ಕೆಟ್ಟದ್ದು ಎಂಬ ಜಾತಿಯಿಲ್ಲ, ಮದ್ದಿನ ಹಾಗೆ ಅದಕ್ಕಿರುವುದು ಪ್ರಮಾಣ. ಈ ಪ್ರಮಾಣವನ್ನು ಜರ್ಮನಿ ಕಾನೂನಿನಲ್ಲೇ ಬರೆದಿಟ್ಟಿದೆ. 2009ರಿಂದ ಅಲ್ಲಿ ಮಂಡಿಯ ಸವೆತವೂ ಉದ್ಯೋಗದ ಕಾಯಿಲೆಗಳ ಪಟ್ಟಿಯಲ್ಲಿದೆ. ಷರತ್ತು ಇಷ್ಟು: ಜೀವಮಾನದ ದುಡಿಮೆಯಲ್ಲಿ ಮಂಡಿಯೂರಿದ ಅಥವಾ ಮಂಡಿಗೆ ಅಂಥದೇ ಹೊರೆ ಬಿದ್ದ ಹೊತ್ತು ಒಟ್ಟು 13,000 ಗಂಟೆ ಆಗಿರಬೇಕು, ಪಾಳಿಯೊಂದಕ್ಕೆ ಕನಿಷ್ಠ ಒಂದು ಗಂಟೆ ಇರಬೇಕು. ಈ ಅಳತೆಗೋಲನ್ನು ನಮ್ಮ ಪಾರ್ಕಿಂಗಿಗೆ ತಂದು ನೋಡೋಣ. ನಾನು ಭಾನುವಾರಕ್ಕೆ ಅರ್ಧ ಗಂಟೆ, ವರ್ಷಕ್ಕೆ 26 ಗಂಟೆ. 13,000 ತಲುಪಲು ಐನೂರು ವರ್ಷ ಬದುಕಬೇಕು. ಒಂದೊಂದು ಕಾರಿಗೆ ನಾಲ್ಕು ನಿಮಿಷದಂತೆ ಇಪ್ಪತ್ತು ಕಾರಿನ ಕೆಳಭಾಗ ಒರೆಸುವವನಿಗೆ ಸುಮಾರು ಇಪ್ಪತ್ತೇಳು ವರ್ಷ. ಕಾರಿಗೆ ಹೊಳಪು ಕೊಡುವ ಡಿಟೇಲಿಂಗ್ ಅಂಗಡಿಯಲ್ಲಿ ದಿನಕ್ಕೆ ಮೂರೂವರೆ ಗಂಟೆ ಕೆಳಗೆ ಕೂತು, ಅಂಟಿದ ಹುಡಿ ಕೀಳುವ ಕ್ಲೇ ಉಜ್ಜಿ, ಪಾಲಿಶ್ ಮಾಡಿ, ಬಣ್ಣ ಕಾಯುವ ಪಿಪಿಎಫ್ ಹಾಳೆ ಅಂಟಿಸುವವನು ವರ್ಷಕ್ಕೆ ಮುನ್ನೂರು ದಿನ ದುಡಿದರೆ ಹನ್ನೆರಡೂವರೆ ವರ್ಷ ಸಾಕು. ಹತ್ತೊಂಬತ್ತಕ್ಕೆ ಕೆಲಸ ಹಿಡಿದವನಿಗೆ ಮೂವತ್ತೊಂದಕ್ಕೆ ಲೆಕ್ಕ ಮುಗಿಯುತ್ತದೆ. ಅದೇ ಕಾರು, ಅದೇ ಬಾಗಿಲು, ಅದೇ ಕುಕ್ಕರಗಾಲು.

ಈಗ ಮೂರನೆಯ ದಾರಿ: ಮಣೆ.

ನಮ್ಮ ಮನೆಗಳಲ್ಲಿ ಮಣೆ ಎಂದೂ ಬರೀ ಊಟಕ್ಕೆ ಕೂರುವ ಹಲಗೆಯಾಗಿರಲಿಲ್ಲ. ಈಳಿಗೆ ಮಣೆಯಲ್ಲಿ ಕೂರುವ ಹಲಗೆ ಮತ್ತು ಕತ್ತಿ ಒಂದೇ ಉಪಕರಣ, ಕೂತವರ ಭಾರವೇ ಕತ್ತಿಯನ್ನು ಅಲುಗದಂತೆ ಹಿಡಿಯುತ್ತದೆ. ಮಲೆನಾಡಿನಲ್ಲಿ ಅಡಿಕೆ ಸುಲಿಯುವ ಮೆಟ್ಟುಗತ್ತಿಯೂ ಅದೇ ಸಂತತಿಯದು. ಮರಾಠಿ ಮನೆಯ ಪಾಟವೂ ನಮ್ಮ ಮಣೆಯೂ ಅಕ್ಕತಂಗಿಯರು. ಎರಡೇ ಇಂಚು ಎತ್ತರವಾದರೂ ಪೃಷ್ಠಕ್ಕೆ ಅಷ್ಟು ಆಸರೆ ಸಿಕ್ಕೊಡನೆ ಮೈಯ ಬಹುಪಾಲು ಭಾರ ಮಂಡಿ ಬಿಟ್ಟು ಹಲಗೆಗೆ ಇಳಿಯುತ್ತದೆ. ಗಂಟೆಗಳ ಲೆಕ್ಕದಿಂದ ಮಂಡಿಯನ್ನು ಬಿಡಿಸುವ ಉಪಾಯ ಅಂದರೆ ಇದೇ.

ಎಷ್ಟೆತ್ತರದ ಮಣೆ? ಕುಳಿತವನ ಮೊಣಕೈ ಕೂರುವ ಹಲಗೆಯಿಂದ ಸುಮಾರು 20 ಸೆಂಟಿಮೀಟರ್ ಮೇಲಿರುತ್ತದೆ. ಹಾಗಾಗಿ 35 ಸೆಂಟಿಮೀಟರಿನ ಸ್ಟೂಲಿನ ಮೇಲೆ ಮೊಣಕೈ 55ರಲ್ಲಿ, ಬಾಗಿಲಿನ ಕೆಳಗಿನ ಅರ್ಧಕ್ಕೆ ಹೇಳಿಮಾಡಿಸಿದ್ದು. 15 ಸೆಂಟಿಮೀಟರಿನ ಮಣೆಯ ಮೇಲೆ 35ರಲ್ಲಿ, ಅದು ಬಾಗಿಲಿನಡಿಯ ಪಟ್ಟಿಗೂ ಚಕ್ರಕ್ಕೂ ಸರಿ. 195/65 ಆರ್15 ಎಂದು ಬರೆದ ಟೈರಿನ ಹೊರವ್ಯಾಸ ಲೆಕ್ಕ ಹಾಕಿದರೆ 63 ಸೆಂಟಿಮೀಟರ್ ಚಿಲ್ಲರೆ, ಅಂದರೆ ಚಕ್ರದ ನಡುಬಿಂದು ನೆಲದಿಂದ 31ರ ಆಸುಪಾಸು. ಬಂಪರಿನ ತುಟಿಗೆ ಎರಡಿಂಚಿನ ಮಣೆಯೇ ಬೇಕು. ಒಂದೇ ಸ್ಟೂಲಿನಲ್ಲಿ ಇಡೀ ಕಾರು ಮುಗಿಸುವೆನೆಂದರೆ ಆಗದು.

ತಗ್ಗಿನ ಪೀಠಕ್ಕೆ ತನ್ನದೇ ತಕರಾರೂ ಇದೆ. ಅಮೆರಿಕದ ನೆಬ್ರಾಸ್ಕಾದ ವೈದ್ಯ ಜೆ. ಜೆ. ಕೀಗನ್ 1953ರಲ್ಲಿ ಎಕ್ಸ್-ರೇ ತೆಗೆದು ತೋರಿಸಿದಂತೆ, ತೊಡೆ ಮತ್ತು ಮುಂಡದ ನಡುವಿನ ಕೋನ 135 ಡಿಗ್ರಿಯ ಹತ್ತಿರವಿದ್ದಾಗ ಸೊಂಟದ ಬಾಗು ತನ್ನ ಸಹಜ ರೂಪದಲ್ಲಿರುತ್ತದೆ. ಮಂಡಿ ಮೇಲೇರಿ ಕೋನ ಕಿರಿದಾದಂತೆ ತೊಡೆಯ ಹಿಂದಿನ ಸ್ನಾಯುಗಳು ಕಟಿಯನ್ನು ಹಿಂದಕ್ಕೆ ಎಳೆಯುತ್ತವೆ, ಬಾಗು ಚಪ್ಪಟೆಯಾಗುತ್ತದೆ, ಬೆನ್ನು ಗೂನಾಗುತ್ತದೆ. ಮಣೆ ತಗ್ಗಾದಷ್ಟೂ ಮೊಣಕೈಗೆ ಲಾಭ, ಸೊಂಟಕ್ಕೆ ನಷ್ಟ. ಡೆನ್ಮಾರ್ಕಿನ ಶಸ್ತ್ರವೈದ್ಯ ಮ್ಯಾಂಡಲ್ ಇದಕ್ಕೆ ಹೇಳಿದ ಪರಿಹಾರ ಬಲು ಸರಳ, ಪೀಠವನ್ನೇ ಮುಂದಕ್ಕೆ ವಾಲಿಸುವುದು. ಅವರು ಯೋಚಿಸಿದ್ದು ಶಾಲೆಯ ಮಕ್ಕಳ ಕುರ್ಚಿಗಳ ಬಗ್ಗೆ. ಆಲ್ಪ್ಸ್ ಬೆಟ್ಟದ ಹಾಲು ಕರೆಯುವವರಿಗೆ ಅದು ಮೊದಲೇ ಗೊತ್ತಿತ್ತೋ ಏನೋ, ಸೊಂಟಕ್ಕೆ ಬೆಲ್ಟಿನಿಂದ ಬಿಗಿದ ಒಂಟಿಗಾಲಿನ ಸ್ಟೂಲಿನ ಮೇಲೆ ಕೂತು ಅವರು ಬೇಕಾದತ್ತ ವಾಲುತ್ತಿದ್ದರು. ಕೊರಿಯದ ಹೊಲಗಳಲ್ಲಿ ಹೆಂಗಸರು ದುಂಡನೆಯ ಫೋಮ್ ದಿಂಬನ್ನೇ ತೊಡೆಗೆ ಪಟ್ಟಿ ಹಾಕಿ ಕಟ್ಟಿಕೊಂಡು ಸಾಲಿನಿಂದ ಸಾಲಿಗೆ ಸರಿಯುತ್ತಾರೆ. ಎದ್ದರೆ ಪೀಠವೂ ಏಳುತ್ತದೆ, ಕೂತರೆ ಕೂರುತ್ತದೆ. ನೋಡಲು ಬಾತುಕೋಳಿಯಂತೆ ಕಂಡರೂ ಇಷ್ಟು ಜಾಣ ಪೀಠ ಇನ್ನೊಂದಿಲ್ಲ.

ಕಾರ್ಖಾನೆಗಳು ಬೇರೆಯೇ ದಾರಿ ಹಿಡಿದವು, ಮನುಷ್ಯನನ್ನು ಇಳಿಸುವ ಬದಲು ಕಾರನ್ನು ಏರಿಸಿದವು. ಸ್ವೀಡನ್ನಿನ ಕಲ್ಮಾರ್‌ನಲ್ಲಿ 1974ರಲ್ಲಿ ತೆರೆದ ವೋಲ್ವೊ ಕಾರ್ಖಾನೆಯಲ್ಲಿ ಕಾರನ್ನು ಹೊತ್ತ ಬಂಡಿ 90 ಡಿಗ್ರಿ ಮಗುಚುತ್ತಿತ್ತು, ಕೆಲಸಗಾರ ಕಾರಿನ ಹೊಟ್ಟೆಯನ್ನು ಗೋಡೆಗೆ ತೂಗುಹಾಕಿದ ಚಿತ್ರದಂತೆ ಎದುರಿಗಿಟ್ಟುಕೊಂಡು ನಿಂತೇ ಕೆಲಸ ಮಾಡುತ್ತಿದ್ದ. ಟೊಯೋಟಾ ತನ್ನ ಜೋಡಣಾ ಸಾಲಿನಲ್ಲಿ ಉದ್ದ ತೋಳಿನ ತುದಿಗೆ ಕುರ್ಚಿ ಕಟ್ಟಿ, ಕೂತವನನ್ನೇ ಕಾರಿನೊಳಕ್ಕೆ ತೂಗಿಬಿಟ್ಟಿತು. ಅದರ ಹೆಸರು ರಾಕುರಾಕು ಸೀಟು, ಜಪಾನಿ ಭಾಷೆಯಲ್ಲಿ ರಾಕು ಎಂದರೆ ಹಾಯಾಗಿ. ಹಿಂಜವಾಡಿಯ ಸುತ್ತ ಪಿಂಪ್ರಿ, ಚಾಕಣದಲ್ಲಿ ದೇಶದ ದೊಡ್ಡ ಕಾರು ಕಾರ್ಖಾನೆಗಳಿವೆ. ಅಲ್ಲಿ ಹುಟ್ಟುವಾಗ ಹೆಗಲೆತ್ತರದಲ್ಲಿ ತೇಲಿದ ಕಾರು ಒಮ್ಮೆ ರಸ್ತೆಗೆ ಇಳಿಯಿತೆಂದರೆ ಮತ್ತೆ ಅದರ ಬುಡ ಒರೆಸುವವರು ನೆಲಕ್ಕೇ ಬರಬೇಕು. ಒಳ್ಳೆಯ ಡಿಟೇಲಿಂಗ್ ಅಂಗಡಿಗಳಲ್ಲಿ ಸಿಸರ್ ಲಿಫ್ಟ್ ಇರುತ್ತದೆ, ಎರಡಡಿ ಎತ್ತಿದರೆ ಇಲ್ಲಿ ಬರೆದ ಮುಕ್ಕಾಲು ತೊಂದರೆ ಮಾಯ. ಜ್ಯಾಕ್ ಮಾತ್ರ ಲಿಫ್ಟ್ ಅಲ್ಲ. ಬರೀ ಜ್ಯಾಕಿನ ಮೇಲೆ ನಿಂತ ಕಾರಿನ ಕೆಳಗೆ ಕೈಯನ್ನೂ ಇಡಬೇಡಿ.

ಲಿಫ್ಟ್ ಇಲ್ಲದ ನನ್ನಂಥವರಿಗೆ ಕಾರೇ ಒಂದು ವೇಳಾಪಟ್ಟಿ ಕೊಡುತ್ತದೆ. ಅದಕ್ಕೆ ನಾಲ್ಕು ಬಾಗಿಲು, ನಾಲ್ಕು ಚಕ್ರ, ಎರಡು ಬಂಪರು. ಒಂದು ಬಾಗಿಲಿಗೆ ಸ್ಟೂಲು, ಕಾಲುಗಳನ್ನು ಅಗಲಿಸಿ, ಮಂಡಿ ಬಾಗಿಲಿಗೆ ತಾಗಿ ಮೈ ದೂರವಾಗದಂತೆ. ಚಕ್ರಕ್ಕೆ ಒಂದು ಮಂಡಿ ದಪ್ಪ ಫೋಮಿನ ಮೇಲೆ ಊರಿ, ಇನ್ನೊಂದು ಪಾದ ನೆಲಕ್ಕೆ, ಮುಂಗೈ ಆ ತೊಡೆಯ ಮೇಲೆ. ಮುಂದಿನ ಚಕ್ರಕ್ಕೆ ಮಂಡಿ ಬದಲು. ಬಂಪರಿಗೆ ಮಣೆ. ಕುಕ್ಕರಗಾಲಲ್ಲೇ ಕೂರುವ ಹಟವಿದ್ದರೆ ಪಾರ್ಕಿಂಗಿನ ಇಳಿಜಾರಿನಲ್ಲಿ ತಗ್ಗಿನ ಕಡೆಗೆ ಮುಖಮಾಡಿ, ಆಗ ಹಿಮ್ಮಡಿಗೆ ನೆಲವೇ ಎದ್ದುಬಂದು ಸಿಗುತ್ತದೆ. ಮಶೀನು ಹಿಡಿದಾಗ ಮೊಣಕೈ ಪಕ್ಕೆಗೆ ಹತ್ತಿರವಿರಲಿ. ಸ್ನಾಯು ತನ್ನ ಶಕ್ತಿಯ ಅರ್ಧದಷ್ಟನ್ನು ಬಿಗಿಹಿಡಿದರೆ ಸುಮಾರು ಒಂದು ನಿಮಿಷಕ್ಕೆ ಸೋಲುತ್ತದೆ ಎಂದು ಜರ್ಮನಿಯ ವಾಲ್ಟರ್ ರೋಮರ್ಟ್ 1960ರಲ್ಲೇ ಅಳೆದಿಟ್ಟಿದ್ದಾರೆ. ಎರಡೂವರೆ ಕೆಜಿಯ ಪಾಲಿಶರನ್ನು ತೋಳು ಚಾಚಿ ಹಿಡಿದವನಿಗೆ ಇದನ್ನು ಓದಿ ಹೇಳಬೇಕಾಗಿಲ್ಲ.

ಇಷ್ಟೆಲ್ಲ ಲೆಕ್ಕ ಹಾಕಿ ನಾನೊಂದು ಮಣೆ ಮಾಡಿಸಿದೆ. ಹದಿನೈದು ಸೆಂಟಿಮೀಟರ್ ಎತ್ತರ, ಸಾಗುವಾನಿ, ಕೆಳಗೆ ನಾಲ್ಕು ಗಾಲಿ. ಮೊದಲ ಭಾನುವಾರವೇ ಅದು ಪಾರ್ಕಿಂಗಿನ ಇಳಿಜಾರಿನಲ್ಲಿ ನನ್ನನ್ನು ಕೂರಿಸಿಕೊಂಡು ಪಕ್ಕದವರ ಕಾರಿನವರೆಗೆ ಸವಾರಿ ಹೋಯಿತು. ಗಾಲಿ ಕೀಳಿಸಿ, ಕಂಬದ ಹಿಂದೆ ಇಟ್ಟು, ಬೇಕಾದರೆ ತಗೋ ಎಂದು ಹುಡುಗನಿಗೆ ಹೇಳಿದ್ದೆ.

ಎರಡು ವಾರ ಬಿಟ್ಟು ನೋಡಿದರೆ ಮಣೆ ಒಂದು ಕಡೆ ತುಸು ಎದ್ದು ನಿಂತಿತ್ತು. ಹಳೆಯ ಹವಾಯಿ ಚಪ್ಪಲಿಯ ಅಟ್ಟೆ ಕತ್ತರಿಸಿ ಹಿಂದಿನ ಎರಡು ಕಾಲಿಗೆ ಮೊಳೆ ಹೊಡೆದಿದ್ದ, ಮುಂದಿನ ಎರಡಕ್ಕೆ ಇಲ್ಲ.

"ಮುಂದಿನವಕ್ಕ ಚಪ್ಪಲಿ ಸಾಲಲಿಲ್ಲೇನ್?" ಅಂದೆ.

"ಸಾಲ್ತಿತ್ರಿ. ಹಿಂಗ ಮುಂದಕ್ಕ ವಾಲಿದ್ರ ಟೊಂಕ ನೆಟ್ಟಗ ಕುಂದರ್ತೈತ್ರಿ," ಅಂದವನು ಮಣೆಯನ್ನು ಕಾಲಿನಿಂದಲೇ ಮುಂದಿನ ಕಾರಿನತ್ತ ಸರಿಸಿದ. "ಆ ಬಕೀಟ ಸ್ವಲ್ಪ ಈ ಕಡೆ ಕೊಡ್ರಿ ಸರ."